ಮುಖಕ್ಕೆ ಹೊಡೀತಾರಾ? ಮೂರು ಉತ್ತರ, ಮೂರೂ ಸರಿ

ಭಾನುವಾರ ಬೆಳಿಗ್ಗೆ, ಹಾಸನದ ಬಿ.ಎಂ. ರಸ್ತೆಯ ಒಂದು ಕಲ್ಯಾಣ ಮಂಟಪ. ಕೆಳಗೆ ಊಟದ ಹಾಲ್‌ನಲ್ಲಿ ಉಪ್ಪಿಟ್ಟು, ಕೇಸರಿಬಾತ್ ನಡೆದಿತ್ತು. ಮೇಲೆ ಧಾರೆ ಎರೆಯುವ ವೇದಿಕೆಯ ಮುಂದೆ ನೀಲಿ ಮ್ಯಾಟ್ ಹಾಸಿದ್ದರು. ಹಾಲ್ ತುಂಬ ಬಿಳಿ ಬಟ್ಟೆಯ ಮಕ್ಕಳು. ಬಾಗಿಲಲ್ಲಿ ದೊಡ್ಡ ಫ್ಲೆಕ್ಸ್: ‘ಫುಲ್ ಕಾಂಟ್ಯಾಕ್ಟ್ ಕರಾಟೆ ಪಂದ್ಯಾವಳಿ’.

ನನ್ನ ಪಕ್ಕದ ಕುರ್ಚಿಯಲ್ಲಿ ಆಲೂರು ಕಡೆಯ ಒಬ್ಬ ತಾಯಿ ಕೂತಿದ್ದರು. ಮಗ ಎಂಟನೇ ಕ್ಲಾಸು. ಇಬ್ಬರೂ ಮೊದಲ ಬಸ್ಸಿಗೆ ಬಂದಿದ್ದರು. ಅವರಿಗೆ ಇದ್ದದ್ದು ಒಂದೇ ಪ್ರಶ್ನೆ. “ಅಣ್ಣ, ಇದರಲ್ಲಿ ಮುಖಕ್ಕೆ ಹೊಡೀತಾರಾ?”

ನಾನು ಬಾಯಿ ಬಿಡುವ ಮೊದಲೇ ಸುತ್ತಲಿದ್ದ ಮೂವರು ಉತ್ತರ ಕೊಟ್ಟರು. ಮಗಳ ಬ್ಯಾಗ್ ಹಿಡಿದು ನಿಂತಿದ್ದ ಒಬ್ಬ ತಂದೆ, “ಸುಮ್ನೆ ಮುಟ್ಟಬಹುದು ಅಷ್ಟೇ ಅಮ್ಮ, ಜೋರಾಗಿ ಹೊಡೆದ್ರೆ ಪೆನಾಲ್ಟಿ” ಅಂದರು. ಹಿಂದಿನ ಸಾಲಿನ ಬ್ರೌನ್ ಬೆಲ್ಟ್ ಹುಡುಗ, “ಕೈಯಲ್ಲಿ ಹೊಡೆಯಂಗಿಲ್ಲ ಆಂಟಿ, ಕಾಲಲ್ಲಿ ಹೊಡೀಬಹುದು” ಅಂದ. ಅಲ್ಲೇ ಇದ್ದ ಒಬ್ಬ ಮಾಸ್ಟರು, “ಗ್ಲೌಸ್ ಹಾಕಿರ್ತಾರಲ್ಲ, ಹೊಡೀಬಹುದು. ಏನೂ ಆಗಲ್ಲ ಬಿಡಿ” ಅಂದರು.

ತಾಯಿ ಮೂವರ ಮುಖವನ್ನೂ ನೋಡಿದರು. ಯಾರೂ ಸುಳ್ಳು ಹೇಳಿರಲಿಲ್ಲ. ಒಬ್ಬೊಬ್ಬರೂ ತಮಗೆ ಗೊತ್ತಿದ್ದ ಕರಾಟೆಯ ನಿಯಮವನ್ನೇ ಹೇಳಿದ್ದರು. ಈ ಲೇಖನ ಬರೆಯಲು ಕಾರಣವೂ ಅದೇ. ಮೂರು ಬೇರೆ ಬೇರೆ ಆಟಗಳಿಗೆ ನಮ್ಮ ಊರುಗಳಲ್ಲಿ ಒಂದೇ ಹೆಸರು ಬಿದ್ದಿದೆ. ಮ್ಯಾಟ್ ಹತ್ತುವ ಎಷ್ಟೋ ಮಕ್ಕಳಿಗೆ ತಾವು ಆ ಮೂರರಲ್ಲಿ ಯಾವುದನ್ನು ಆಡುತ್ತಿದ್ದೇವೆ ಅಂತ ಗೊತ್ತಿರುವುದಿಲ್ಲ. ಏಟು ಬಿದ್ದ ಮೇಲೆ ಗೊತ್ತಾಗುತ್ತದೆ.

ಬ್ಯಾಗ್ ಹಿಡಿದ ತಂದೆ ಹೇಳಿದ್ದು ಪಾಯಿಂಟ್ ಕರಾಟೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಇದ್ದದ್ದು ಇದು. ಸರಿಯಾದ ಗುದ್ದಿಗೆ ಒಂದು ಪಾಯಿಂಟ್, ಮೈಗೆ ಬಿದ್ದ ಒದೆಗೆ ಎರಡು, ತಲೆ ಮಟ್ಟದ ಒದೆಗೆ ಮೂರು. ಮುಖದ ಕಡೆಗೆ ಗುದ್ದಬಹುದು, ಆದರೆ ಕೈಯಲ್ಲಿ ಹಿಡಿತ ಇರಬೇಕು. ಮಕ್ಕಳ ವಿಭಾಗದಲ್ಲಿ ಇದು ಇನ್ನೂ ಬಿಗಿ. ಪಾಯಿಂಟ್ ಬಿದ್ದ ಕೂಡಲೇ ರೆಫರಿ ‘ಯಾಮೆ’ ಅಂದು ನಿಲ್ಲಿಸುತ್ತಾರೆ. ಇಬ್ಬರೂ ತಮ್ಮ ಜಾಗಕ್ಕೆ ಹೋಗಿ ನಿಲ್ಲುತ್ತಾರೆ. ಮತ್ತೆ ಶುರು.

ಬ್ರೌನ್ ಬೆಲ್ಟ್ ಹುಡುಗ ಹೇಳಿದ್ದು ಕ್ಯೋಕುಶಿನ್ ದಾರಿಯ ಕರಾಟೆ. ಜಪಾನಿನವರು ಫುಲ್ ಕಾಂಟ್ಯಾಕ್ಟ್ ಅಂತ ಕರೆಯುವುದು ಇದನ್ನು. ಇದನ್ನು ಕಟ್ಟಿದವರು ಮಾಸುತಾತ್ಸು ಒಯಾಮಾ. ಹುಟ್ಟಿದ್ದು 1923ರಲ್ಲಿ, ಕೊರಿಯಾದಲ್ಲಿ. ಬೆಳೆದು ಹೆಸರು ಮಾಡಿದ್ದು ಜಪಾನಿನಲ್ಲಿ. ಆ ಕಾಲದ ಕರಾಟೆಯಲ್ಲಿ ಏಟನ್ನು ಎದುರಾಳಿಯ ಚರ್ಮದ ಹತ್ತಿರ ತಂದು ನಿಲ್ಲಿಸುತ್ತಿದ್ದರು. ನಿಲ್ಲಿಸದಿದ್ದರೆ ಆ ಏಟು ಆಳನ್ನು ಕೆಡವುತ್ತಿತ್ತೋ ಇಲ್ಲವೋ ಅಂತ ಹೇಳುವುದು ಹೇಗೆ? ಒಯಾಮಾಗೆ ಇದು ಒಪ್ಪಿಗೆಯಾಗಲಿಲ್ಲ. 1964ರಲ್ಲಿ ಅವರ ಅಂತರರಾಷ್ಟ್ರೀಯ ಸಂಘಟನೆ ಶುರುವಾಯಿತು. 1969ರಲ್ಲಿ ಟೋಕಿಯೋದಲ್ಲಿ ಮೊದಲ ಅಖಿಲ ಜಪಾನ್ ಮುಕ್ತ ಪಂದ್ಯಾವಳಿ ನಡೆಯಿತು. ಬೇರೆ ಶೈಲಿಯವರಿಗೂ ಬಾಗಿಲು ತೆರೆದಿತ್ತು. ತೆರುತೊಮೊ ಯಾಮಾಝಾಕಿ ಗೆದ್ದರು. 1975ರಲ್ಲಿ ಮೊದಲ ವಿಶ್ವ ಪಂದ್ಯಾವಳಿ ಬಂತು, ಅದನ್ನು ಕಾತ್ಸುಆಕಿ ಸಾತೊ ಗೆದ್ದರು.

ಗ್ಲೌಸ್ ಮಾತಾಡಿದ ಮಾಸ್ಟರು ಹೇಳಿದ್ದು ಅಮೆರಿಕದಲ್ಲಿ ಬೆಳೆದ ದಾರಿ. 1974ರಲ್ಲಿ ಅಲ್ಲಿ ಗ್ಲೌಸ್ ಹಾಕಿಕೊಂಡು, ಕಾಲಿಗೆ ಮೆತ್ತನೆಯ ಬೂಟು ಹಾಕಿಕೊಂಡು, ಆಡುವ ವೃತ್ತಿಪರ ಪಂದ್ಯ ಶುರುವಾಯಿತು. ಅದಕ್ಕೂ ‘ಫುಲ್ ಕಾಂಟ್ಯಾಕ್ಟ್ ಕರಾಟೆ’ ಅಂತಲೇ ಹೆಸರಿಟ್ಟರು. ಅದರಲ್ಲಿ ಮುಖಕ್ಕೆ ಗುದ್ದಬಹುದಿತ್ತು, ಸೊಂಟದ ಮೇಲಕ್ಕೆ ಒದೆಯಬಹುದಿತ್ತು. ನಿಧಾನಕ್ಕೆ ಅದು ಕಿಕ್‌ಬಾಕ್ಸಿಂಗ್ ಆಯಿತು, ಆದರೆ ಹಳೆಯ ಹೆಸರು ಪೂರ್ತಿ ಅಳಿಯಲಿಲ್ಲ.

ಹೀಗೆ ಒಂದೇ ಹೆಸರಿನಡಿ ಒಂದು ಕಡೆ ಮುಖಕ್ಕೆ ಗುದ್ದುವುದು ತಪ್ಪು, ಇನ್ನೊಂದು ಕಡೆ ಅದೇ ಮುಖ್ಯ ಏಟು. ಇವೆರಡರ ನಡುವೆಯೂ ಕವಲುಗಳಿವೆ. 1980ರಲ್ಲಿ ಹುಟ್ಟಿದ ಆಶಿಹಾರಾ, ಅದರಿಂದ ಬಂದ ಎನ್‌ಶಿನ್ ಶೈಲಿಗಳು ಎದುರಾಳಿಯ ಪಕ್ಕಕ್ಕೆ ಸರಿದು ಹೊಡೆಯುವುದನ್ನು ಬೆಳೆಸಿದವು. 1981ರಲ್ಲಿ ತಾಕಾಶಿ ಅಝುಮಾ ಶುರು ಮಾಡಿದ ದಾರಿ ಇವತ್ತು ಕುಡೋ ಅಂತ ಹೆಸರಾಗಿದೆ. ಅದರಲ್ಲಿ ಮುಖಕ್ಕೆ ಪಾರದರ್ಶಕ ಕವಚ ಹಾಕಿಕೊಂಡು ಗುದ್ದಾಡುತ್ತಾರೆ. 1994ರಲ್ಲಿ ಒಯಾಮಾ ತೀರಿಕೊಂಡ ಮೇಲೆ ಕ್ಯೋಕುಶಿನ್ನೇ ಹಲವು ಸಂಘಟನೆಗಳಾಗಿ ಒಡೆಯಿತು. ಒಂದೊಂದರ ನಿಯಮ ಪುಸ್ತಕವೂ ಸ್ವಲ್ಪ ಸ್ವಲ್ಪ ಬೇರೆ.

ಇಲ್ಲಿಂದ ಮುಂದೆ ನಾನು ಕ್ಯೋಕುಶಿನ್ ದಾರಿಯ ನಿಯಮವನ್ನೇ ಜಾಸ್ತಿ ಮಾತಾಡುತ್ತೇನೆ. ಹಾಸನದ ಹುಡುಗರ ಬಾಯಲ್ಲಿ ಫುಲ್ ಕಾಂಟ್ಯಾಕ್ಟ್ ಅಂದರೆ ಬಹುಪಾಲು ಅದೇ.

ಕಾಲಲ್ಲಿ ತಲೆಗೆ ಹೊಡೆಯಲು ಬಿಟ್ಟು, ಕೈಯಲ್ಲಿ ಹೊಡೆಯಬಾರದು ಅಂದರೆ ಕೇಳಿದವರಿಗೆ ವಿಚಿತ್ರ ಅನಿಸುತ್ತದೆ. ಒದೆ ಇನ್ನೂ ಜೋರಲ್ವಾ ಅಂತ ಆ ತಾಯಿಯೂ ಕೇಳಿದರು. ಜೋರು ಹೌದು. ಆದರೆ ಇದು ಬರಿಗೈಯ ಆಟ, ದೊಡ್ಡವರಿಗೆ ಗ್ಲೌಸ್ ಇಲ್ಲ. ಬರಿಗೈಯಲ್ಲಿ ಮುಖಕ್ಕೆ ಗುದ್ದಿದರೆ ಹುಬ್ಬು ಸೀಳುತ್ತದೆ, ಹಲ್ಲು ಹೋಗುತ್ತದೆ, ಮೂಗು ಒಡೆಯುತ್ತದೆ. ಗುದ್ದಿದವನ ಬೆರಳಿನ ಮೂಳೆಯೂ ಮುರಿಯುತ್ತದೆ. ಒಂದೇ ದಿನ ನಾಲ್ಕೈದು ಸುತ್ತು ಆಡುವ ಪಂದ್ಯ ಹೀಗೆ ನಡೆಯಲು ಸಾಧ್ಯವಿಲ್ಲ. ಒದೆಯನ್ನು ತಲೆಯ ಎತ್ತರಕ್ಕೆ ತರುವುದು ಕಷ್ಟ, ಬರುವುದು ಕಾಣುತ್ತದೆ ಕೂಡ. ಗುದ್ದು ಹಾಗಲ್ಲ, ಕ್ಷಣದಲ್ಲಿ ಹತ್ತು ಬೀಳಬಹುದು. ಹಾಗಾಗಿ ಮುಖದ ಗುದ್ದನ್ನು ತೆಗೆದಿಟ್ಟರು. ಬದಲಿಗೆ ಎದೆ, ಹೊಟ್ಟೆ, ಪಕ್ಕೆ, ತೊಡೆಗೆ ಪೂರ್ತಿ ಬಲದಿಂದ ಹೊಡೆಯಲು ಬಿಟ್ಟರು.

ಇದರ ಜೊತೆ ಬೇರೆ ನಿಷೇಧಗಳೂ ಇವೆ. ಮೊಣಕೈಯಿಂದ ತಲೆಗೆ ಹೊಡೆಯಬಾರದು. ತಲೆಯಿಂದ ಗುಮ್ಮಬಾರದು. ತೊಡೆಸಂದಿಗೆ, ಮೊಣಕಾಲಿನ ಕೀಲಿಗೆ, ಬೆನ್ನುಮೂಳೆಗೆ ಹೊಡೆಯಬಾರದು. ಬಟ್ಟೆ ಹಿಡಿಯಬಾರದು, ಬಿದ್ದವನನ್ನು ಹೊಡೆಯಬಾರದು. ಮೊದಲ ಸಲ ತಪ್ಪಿದರೆ ಎಚ್ಚರಿಕೆ, ಮುಂದುವರಿದರೆ ಅಂಕ ಕಡಿತ, ಆಮೇಲೆ ಪಂದ್ಯದಿಂದ ಹೊರಗೆ.

ಒಂದು ಏಟನ್ನು ತೆಗೆದಿಟ್ಟ ಮೇಲೆ ಇಡೀ ಆಟದ ರೂಪವೇ ಬದಲಾಗುತ್ತದೆ. ಮುಖಕ್ಕೆ ಗುದ್ದು ಬರಲ್ಲ ಅಂತ ಗೊತ್ತಿದ್ದರೆ ಇಬ್ಬರೂ ಹತ್ತಿರ ಹತ್ತಿರ ನಿಲ್ಲುತ್ತಾರೆ. ಹಣೆಗೆ ಹಣೆ ತಾಗುವಷ್ಟು ಹತ್ತಿರ. ಎದೆಗೆ ಗುದ್ದುಗಳ ಸುರಿಮಳೆ, ಮಧ್ಯೆ ಮಧ್ಯೆ ತೊಡೆಗೆ ಒದೆ. ತೊಡೆಯ ಒದೆ ನೋಡುವವರಿಗೆ ದೊಡ್ಡದಾಗಿ ಕಾಣಲ್ಲ. ಆದರೆ ಮೂರನೆಯದು ನಾಲ್ಕನೆಯದು ಅದೇ ಜಾಗಕ್ಕೆ ಬಿದ್ದಾಗ ಕಾಲು ತಾನಾಗಿಯೇ ಮಡಚಿಕೊಳ್ಳುತ್ತದೆ. ನೋವಿಗೆ ಕೈ ಕೆಳಗೆ ಬರುತ್ತದೆ. ಆಗ ತಲೆಗೆ ಒದೆ ಬರುತ್ತದೆ. ಈ ಆಟದಲ್ಲಿ ಆಳು ಬೀಳುವುದು ಹೆಚ್ಚಾಗಿ ಹೀಗೇ: ಅರ್ಧ ನಿಮಿಷ ಕೆಳಗಿನಿಂದ ತಯಾರಿ, ಅರ್ಧ ಕ್ಷಣದಲ್ಲಿ ಮೇಲೆ ಮುಗಿತಾಯ.

ಗೆಲುವಿನ ಲೆಕ್ಕ ಸರಳ. ನಿಯಮದೊಳಗಿನ ಏಟಿಗೆ ಎದುರಾಳಿ ಬಿದ್ದು ಮೂರು ಸೆಕೆಂಡಿಗಿಂತ ಜಾಸ್ತಿ ಏಳದಿದ್ದರೆ, ಅಥವಾ ಇನ್ನು ಆಡಲಾರೆ ಅಂತ ಬಿಟ್ಟುಕೊಟ್ಟರೆ ‘ಇಪ್ಪೊನ್’, ಅಲ್ಲಿಗೆ ಪಂದ್ಯ ಮುಗಿಯಿತು. ಬಿದ್ದರೂ ಅಷ್ಟರೊಳಗೆ ಎದ್ದರೆ ‘ವಾಝಾ ಆರಿ’, ಅಂದರೆ ಅರ್ಧ ಗೆಲುವು. ಕಾಲು ಗುಡಿಸಿ ಕೆಡವಿ, ಬಿದ್ದವನ ಮೈಗೆ ತಾಗದ ಹಾಗೆ ಮೇಲಿಂದ ಗುದ್ದು ತೋರಿಸಿದರೂ ವಾಝಾ ಆರಿ. ಎರಡು ಅರ್ಧ ಸೇರಿದರೆ ಒಂದು ಪೂರ್ತಿ.

ಆ ತಾಗದ ಗುದ್ದನ್ನು ಗಮನಿಸಬೇಕು. ಇಷ್ಟು ಜೋರಿನ ಆಟದಲ್ಲೂ, ಬಿದ್ದವನ ಮೇಲೆ ಮಾತ್ರ ಏಟು ಚರ್ಮದ ಹತ್ತಿರ ನಿಲ್ಲಬೇಕು. ಹೊಡೆಯಬಲ್ಲೆ, ಹೊಡೆಯುವುದಿಲ್ಲ ಅಂತ ತೋರಿಸಿದ್ದಕ್ಕೆ ಅಂಕ. ನನಗೆ ಈ ಆಟದಲ್ಲಿ ತುಂಬ ಇಷ್ಟವಾಗುವ ನಿಯಮ ಇದು. ನಮ್ಮದೇ ಜಿಲ್ಲೆಯ ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿರುವವನ ಕಥೆಯೂ ಇದೇ ತಾನೇ? ಸೈನ್ಯಗಳು ಸಾಯುವುದು ಬೇಡ ಅಂತ ಮಂತ್ರಿಗಳು ಅಣ್ಣತಮ್ಮಂದಿರಿಗೆ ಮೂರು ಪಂದ್ಯ ಗೊತ್ತು ಮಾಡಿದರು: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮಲ್ಲಯುದ್ಧದಲ್ಲಿ ಬಾಹುಬಲಿ ಭರತನನ್ನು ಮೇಲೆತ್ತಿದ. ನೆಲಕ್ಕೆ ಅಪ್ಪಳಿಸಬಹುದಿತ್ತು. ಅಪ್ಪಳಿಸದೆ ಕೆಳಗಿಳಿಸಿದ. ನಿಯಮ ಮುರಿದು ಚಕ್ರ ಬಿಟ್ಟವನು ಸೋತ ಭರತ. ಪಂದ್ಯಕ್ಕೆ ಬಂದ ಚನ್ನರಾಯಪಟ್ಟಣದ ಮಕ್ಕಳಿಗೆ ವಾಝಾ ಆರಿಯನ್ನು ವಿವರಿಸುವಾಗ ನಾನು ಈ ಕಥೆಯನ್ನೇ ಹೇಳುತ್ತೇನೆ. ತಕ್ಷಣ ಅರ್ಥವಾಗುತ್ತದೆ.

ಯಾರೂ ಬೀಳದಿದ್ದರೆ ತೀರ್ಪು ಅಂಪೈರ್‌ಗಳದ್ದು. ಮಧ್ಯೆ ಒಬ್ಬ ರೆಫರಿ, ನಾಲ್ಕು ಮೂಲೆಯಲ್ಲಿ ನಾಲ್ವರು, ಅವರ ಕೈಯಲ್ಲಿ ಕೆಂಪು ಬಿಳಿ ಬಾವುಟ, ಬಾಯಲ್ಲಿ ಸೀಟಿ. ಐವರಲ್ಲಿ ಮೂವರು ಒಪ್ಪಿದರೆ ಗೆಲುವು. ದೊಡ್ಡವರ ಪಂದ್ಯ ಸಾಮಾನ್ಯವಾಗಿ ಮೂರು ನಿಮಿಷ. ಸಮ ಆದರೆ ಎರಡು ನಿಮಿಷದ ಹೆಚ್ಚುವರಿ ಸುತ್ತು. ಆಗಲೂ ಸಮ ಆದರೆ ತೂಕ ನೋಡುತ್ತಾರೆ. ನಿಗದಿಯಾದಷ್ಟು ಅಂತರ ಇದ್ದರೆ ಹಗುರ ಇರುವವರು ಗೆದ್ದ ಹಾಗೆ. ದೊಡ್ಡ ಮುಕ್ತ ಪಂದ್ಯಗಳಲ್ಲಿ ಇನ್ನೊಂದು ಲೆಕ್ಕ ಉಂಟು: ಯಾರು ಎಷ್ಟು ಮರದ ಹಲಗೆ ಮುರಿದರು ಅನ್ನುವುದು. ಮುಷ್ಟಿ, ಅಂಗೈಯ ಅಂಚು, ಮೊಣಕೈ, ಪಾದದ ಅಂಚು, ಹೀಗೆ ನಾಲ್ಕು ರೀತಿ ಮುರಿಯಬೇಕು. ಅದಕ್ಕೆ ‘ತಾಮೆಶಿವಾರಿ’ ಅನ್ನುತ್ತಾರೆ. ನಮ್ಮಲ್ಲಿ ಉದ್ಘಾಟನೆ ದಿನ ಹೆಂಚು ಒಡೆದು ಚಪ್ಪಾಳೆ ಗಿಟ್ಟಿಸುವ ರೂಢಿ ಇದೆ. ಅಲ್ಲಿ ಅದು ಪಂದ್ಯದ ಫಲಿತಾಂಶವನ್ನೇ ತೀರ್ಮಾನಿಸಬಲ್ಲ ಲೆಕ್ಕ.

ನಿಯಮ ಬೇರೆಯಾದರೆ ಎಷ್ಟು ಬೇರೆಯಾಗುತ್ತದೆ ಅನ್ನುವುದಕ್ಕೆ ಎರಡು ಒದೆಗಳ ಕಥೆ ಹೇಳುತ್ತೇನೆ. ಎರಡೂ ತಲೆಯ ಕಡೆಗೆ ಹೋದ ಒದೆ. ಎರಡೂ ಆಳನ್ನು ಮಲಗಿಸಿದವು.

ಮೊದಲನೆಯದು 1991ರ ವಿಶ್ವ ಪಂದ್ಯಾವಳಿ. ಸ್ವಿಟ್ಜರ್‌ಲೆಂಡಿನ ಆಂಡಿ ಹುಗ್, ಬ್ರೆಜಿಲ್‌ನ ಫ್ರಾನ್ಸಿಸ್ಕೊ ಫಿಲ್ಹೊ. ಹುಗ್ ಹಿಂದಿನ ವಿಶ್ವ ಪಂದ್ಯಾವಳಿಯ ಫೈನಲ್ ಆಡಿದವರು, ದೊಡ್ಡ ಹೆಸರು. ಸುತ್ತು ಮುಗಿಯುವ ಸೂಚನೆ ಬಂತು. ಹುಗ್ ಕೈ ಇಳಿಸಿದರು. ಅದೇ ಹೊತ್ತಿಗೆ ಫಿಲ್ಹೊ ಅವರ ಒದೆ ತಲೆಗೆ ಬಿತ್ತು. ಹುಗ್ ಪ್ರಜ್ಞೆ ತಪ್ಪಿ ಬಿದ್ದರು. ಇದು ತಪ್ಪೋ ಸರಿಯೋ ಅಂತ ಚರ್ಚೆಯಾಯಿತು. ಕೊನೆಗೆ ಒದೆಯನ್ನು ಮಾನ್ಯ ಮಾಡಿ ಫಿಲ್ಹೊಗೆ ಗೆಲುವು ಕೊಟ್ಟರು. ಪೂರ್ತಿ ಮುಗಿಯುವ ತನಕ ಕಾವಲು ಬಿಡಬಾರದು ಅನ್ನುವುದು ಅಲ್ಲಿಯ ನ್ಯಾಯ. ಮುಂದೆ 1999ರಲ್ಲಿ ಫಿಲ್ಹೊ ಆ ಪಂದ್ಯಾವಳಿ ಗೆದ್ದ ಮೊದಲ ಜಪಾನಿಯೇತರ ಆಟಗಾರರಾದರು.

ಎರಡನೆಯದು 2021ರ ಆಗಸ್ಟ್ 7, ಟೋಕಿಯೋ ಒಲಿಂಪಿಕ್ಸ್, 75 ಕೆ.ಜಿ. ಮೇಲ್ಪಟ್ಟವರ ಫೈನಲ್. ಸೌದಿ ಅರೇಬಿಯಾದ ತಾರೆಗ್ ಹಾಮೆದಿ 4-1ರಿಂದ ಮುಂದಿದ್ದರು. ಅವರ ಒಂದು ಒದೆಗೆ ಇರಾನಿನ ಸಜ್ಜಾದ್ ಗಂಜ್‌ಜಾದೆ ಅಲುಗಾಡದೆ ಬಿದ್ದರು. ಸ್ಟ್ರೆಚರ್‌ನಲ್ಲಿ ಹೊತ್ತುಕೊಂಡು ಹೋದರು. ತೀರ್ಪುಗಾರರು ಮಾತಾಡಿಕೊಂಡು, ಹಿಡಿತವಿಲ್ಲದ ಏಟು ಅಂತ ಹಾಮೆದಿಯನ್ನು ಅನರ್ಹ ಮಾಡಿದರು. ಎಚ್ಚರವೇ ಇಲ್ಲದೆ ಮಲಗಿದ್ದವರಿಗೆ ಚಿನ್ನ, ನಿಂತಿದ್ದವರಿಗೆ ಬೆಳ್ಳಿ.

ಆ ದಿನ ಟಿವಿ ನೋಡಿದ ನಮ್ಮ ಹುಡುಗರು ಸಿಟ್ಟಾದರು. ಅನ್ಯಾಯ ಅಂದರು. ನನಗೆ ಹಾಗನ್ನಿಸಲಿಲ್ಲ. ಹಿಡಿತ ಇಟ್ಟುಕೊಳ್ಳುತ್ತೇವೆ ಅಂತ ಇಬ್ಬರೂ ಒಪ್ಪಿ ಮ್ಯಾಟ್ ಹತ್ತಿದ್ದರು. ಹುಗ್ ಮತ್ತು ಫಿಲ್ಹೊ ಇಬ್ಬರೂ ಪೂರ್ತಿ ಬಲಕ್ಕೆ ಒಪ್ಪಿ ಹತ್ತಿದ್ದರು. ಒಪ್ಪಂದ ಯಾವುದು ಅಂತ ನಾಲ್ವರಿಗೂ ಗೊತ್ತಿತ್ತು. ನಮ್ಮ ಊರುಗಳ ಪಂದ್ಯಗಳಲ್ಲಿ ಇಲ್ಲದಿರುವುದು ಆ ತಿಳಿವಳಿಕೆ.

ಆಲೂರಿನ ಹುಡುಗನನ್ನೇ ತೆಗೆದುಕೊಳ್ಳಿ. ಅವನ ಶಾಲೆಗೆ ವಾರಕ್ಕೆ ಎರಡು ದಿನ ಮಾಸ್ಟರು ಬರುತ್ತಾರೆ. ಕಲಿಸುವುದು ಪಾಯಿಂಟ್ ಕರಾಟೆ. ತುದಿಗಾಲಲ್ಲಿ ಪುಟಿಯುವುದು, ದೂರದಿಂದ ಹಾರಿ ಬಂದು ಒಂದು ಗುದ್ದು ಮುಟ್ಟಿಸುವುದು, ಮುಟ್ಟಿಸಿದ ಕೂಡಲೇ ಕೈ ಎಳೆದುಕೊಂಡು ರೆಫರಿಯ ಕಡೆ ನೋಡುವುದು. ಆ ಆಟಕ್ಕೆ ಇದೆಲ್ಲ ಸರಿಯಾದ ಅಭ್ಯಾಸ. ಈಗ ಅವನನ್ನು ಫುಲ್ ಕಾಂಟ್ಯಾಕ್ಟ್ ಮ್ಯಾಟ್ ಮೇಲೆ ನಿಲ್ಲಿಸಿ. ಅವನ ಗುದ್ದು ಮುಟ್ಟುತ್ತದೆ. ಅವನು ನಿಲ್ಲುತ್ತಾನೆ. ‘ಯಾಮೆ’ ಬರುವುದಿಲ್ಲ. ಎದುರಿನ ಹುಡುಗ ನಿಲ್ಲುವುದಿಲ್ಲ. ಕಣ್ಣು ರೆಫರಿ ಕಡೆ ಇರುವಾಗಲೇ ಪಕ್ಕೆಗೆ ಒದೆ ಬೀಳುತ್ತದೆ. ಇದನ್ನು ನಾನು ಒಂದು ಸಲ ಎರಡು ಸಲ ನೋಡಿದ್ದಲ್ಲ. ಹೊಡೆದ ಹುಡುಗನದ್ದೂ ತಪ್ಪಿಲ್ಲ. ಅವನು ಕಲಿತದ್ದು ನಿಲ್ಲದೆ ಆಡುವುದನ್ನು.

ಇದು ತಿರುಗುಮುರುಗಾಗಿಯೂ ಆಗುತ್ತದೆ. ಕ್ಯೋಕುಶಿನ್ ಕಲಿತವನನ್ನು ಗ್ಲೌಸ್ ಪಂದ್ಯಕ್ಕೆ ಕಳಿಸಿದರೆ ಅವನ ಕೈ ಎದೆಯ ಮಟ್ಟದಲ್ಲೇ ಇರುತ್ತದೆ. ವರ್ಷಗಟ್ಟಲೆ ಮುಖಕ್ಕೆ ಗುದ್ದು ಬಂದೇ ಇಲ್ಲ. ಬರುವುದನ್ನು ಕಣ್ಣು ಹಿಡಿಯುವುದಿಲ್ಲ. ಮಾಸ್ಟರುಗಳಿಗೆ ಇದು ಗೊತ್ತಿಲ್ಲ ಅಂತಲ್ಲ. ಜಿಲ್ಲೆಯಲ್ಲಿ ಪಂದ್ಯ ಕಡಿಮೆ. ಬಂದ ಪಂದ್ಯಕ್ಕೆ ಎಲ್ಲರನ್ನೂ ಕರೆದುಕೊಂಡು ಹೋಗುತ್ತಾರೆ.

ಮೊದಲಿಗಿಂತ ಈಗ ಕಲಿಯುವ ಮಕ್ಕಳೂ ಜಾಸ್ತಿ. ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣಾ ತರಬೇತಿ ಇದೆ. ಹಾಸ್ಟೆಲ್ ಹುಡುಗಿಯರಿಗೆ ಓಬವ್ವ ಆತ್ಮರಕ್ಷಣಾ ಕಲೆ ತರಬೇತಿ ಇದೆ. ನನಗೆ ಇದು ತುಂಬ ಖುಷಿಯ ವಿಷಯ. ಅರಸೀಕೆರೆಯ ಹಾಸ್ಟೆಲ್ ಹುಡುಗಿ ಎದೆ ಸೆಟೆದು ನಿಂತು ಕೂಗುವುದನ್ನು ನೋಡಿದರೆ ಯಾರಿಗೆ ಖುಷಿಯಾಗಲ್ಲ? ಆದರೆ ಮೂರು ತಿಂಗಳ ತರಬೇತಿ ಒಂದು ಪೂರ್ತಿ ಬಲದ ಪಂದ್ಯಕ್ಕೆ ತಯಾರಿ ಆಗುವುದಿಲ್ಲ. ಸರ್ಟಿಫಿಕೇಟಿನ ಆಸೆಗೆ ಹೆಸರು ಬರೆಸುವವರೂ ಇದ್ದಾರೆ. ಅವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ಪಟ್ಟಿಯಲ್ಲಿ ಕರಾಟೆ ಇದೆ, 2020ರಲ್ಲಿ ಕುಡೋ ಕೂಡ ಸೇರಿತು. ಆದರೆ ರಾಜ್ಯವನ್ನೋ ದೇಶವನ್ನೋ ವಿಶ್ವವಿದ್ಯಾಲಯವನ್ನೋ ಮಾನ್ಯತೆ ಇರುವ ಪಂದ್ಯದಲ್ಲಿ ಪ್ರತಿನಿಧಿಸಿದವರಿಗೆ ಅದು ಲೆಕ್ಕ. ಫ್ಲೆಕ್ಸ್‌ನಲ್ಲಿ ‘ರಾಷ್ಟ್ರಮಟ್ಟ’ ಅಂತ ಬರೆದ ಮಾತ್ರಕ್ಕೆ ಯಾವ ಖಾಸಗಿ ಪಂದ್ಯದ ಕಾಗದವೂ ಕೆಲಸ ಕೊಡಿಸಲ್ಲ.

ಇನ್ನು ಸಂಪ್ರದಾಯ. ಗರಡಿ ಮನೆ ಕಂಡವರಿಗೆ ಈ ಕರಾಟೆಯ ನಡೆನುಡಿ ಪರಕೀಯ ಅನಿಸುವುದಿಲ್ಲ. ಪೈಲ್ವಾನರು ಮಣ್ಣು ಮುಟ್ಟಿ ನಮಸ್ಕಾರ ಮಾಡಿ ಇಳಿಯುವ ಹಾಗೆ ಇವರು ಮ್ಯಾಟಿಗೆ ಬಾಗಿ ಹತ್ತುತ್ತಾರೆ. ಮೊದಲು ವೇದಿಕೆಗೆ, ಆಮೇಲೆ ರೆಫರಿಗೆ, ಆಮೇಲೆ ಎದುರಾಳಿಗೆ ವಂದನೆ. ಎದುರಾಳಿಗೆ ಪೆಟ್ಟಾಗಿ ಬಿದ್ದರೆ ಎಷ್ಟೋ ಕಡೆ ಇನ್ನೊಬ್ಬ ತನ್ನ ಗೆರೆಗೆ ಹೋಗಿ, ಬೆನ್ನು ತಿರುಗಿಸಿ, ಮಂಡಿಯೂರಿ ಕೂರುತ್ತಾನೆ. ಬಿದ್ದವನನ್ನು ನೋಡುತ್ತ ನಿಲ್ಲುವುದಿಲ್ಲ, ಕೈ ಎತ್ತಿ ಕುಣಿಯುವುದಿಲ್ಲ. ಪಂದ್ಯ ಮುಗಿದ ಮೇಲೆ ಎರಡೂ ಕೈಯಲ್ಲಿ ಕೈ ಹಿಡಿದು ಅಪ್ಪಿಕೊಳ್ಳುತ್ತಾರೆ.

ಎಲ್ಲದಕ್ಕೂ ಒಂದೇ ಮಾತು: ‘ಓಸ್’. ನಮಸ್ಕಾರಕ್ಕೂ ಓಸ್, ಸರಿ ಅನ್ನುವುದಕ್ಕೂ ಓಸ್, ನೋವು ತಡೆದುಕೊಳ್ಳುತ್ತೇನೆ ಅನ್ನುವುದಕ್ಕೂ ಓಸ್. ಒತ್ತಿ ಮುನ್ನುಗ್ಗು, ತಾಳಿಕೋ ಅನ್ನುವ ಅರ್ಥದ ಜಪಾನಿ ಮಾತಿನ ಗಿಡ್ಡ ರೂಪ ಅದು ಅಂತ ವಿವರಿಸುತ್ತಾರೆ. ತಾಳಿಕೊಳ್ಳುವುದರ ದೊಡ್ಡ ಪರೀಕ್ಷೆ ನೂರು ಜನರ ಕುಮಿತೆ. ಒಬ್ಬನೇ ನಿಂತು ಒಬ್ಬರಾದ ಮೇಲೆ ಒಬ್ಬರಂತೆ 100 ಎದುರಾಳಿಗಳನ್ನು ಎದುರಿಸಬೇಕು. 1965ರಲ್ಲಿ ಸ್ಟೀವ್ ಆರ್ನೀಲ್ ಇದನ್ನು ಮುಗಿಸಿದರು. ಆಮೇಲೆ ಇಷ್ಟು ವರ್ಷಗಳಲ್ಲಿ ಮುಗಿಸಿದವರು ಬೆರಳೆಣಿಕೆ. ಮುಗಿಸಿದ ಮೇಲೆ ಕಿಡ್ನಿ ತೊಂದರೆಯಾಗಿ ಆಸ್ಪತ್ರೆ ಸೇರಿದವರೂ ಇದ್ದಾರೆ. ಜಜ್ಜಿಹೋದ ಮಾಂಸಖಂಡದಿಂದ ರಕ್ತಕ್ಕೆ ಸೇರುವ ಅಂಶಗಳನ್ನು ಕಿಡ್ನಿ ತಡೆದುಕೊಳ್ಳಲಾರದು.

ಈ ‘ತಾಳಿಕೋ’ ಅನ್ನುವ ಮಾತಿನ ಬಗ್ಗೆ ನನಗೆ ಪ್ರೀತಿಯೂ ಇದೆ, ಭಯವೂ ಇದೆ. ಕಾರಣ ಹೇಳುತ್ತೇನೆ.

ನನಗೆ ಆಗ ಹದಿನೇಳು ವರ್ಷ. ಪಕ್ಕದ ಜಿಲ್ಲೆಯಲ್ಲಿ ಒಂದು ಪಂದ್ಯ. ಎರಡನೇ ಸುತ್ತಿನಲ್ಲಿ ಕಿವಿಯ ಮೇಲ್ಭಾಗಕ್ಕೆ ಒದೆ ಬಿತ್ತು. ಬಿದ್ದು ಎದ್ದೆ. ಮೂರು ಸೆಕೆಂಡಿನೊಳಗೇ ಎದ್ದೆ ಅಂತ ಆಮೇಲೆ ಹೇಳಿದರು. ಆ ಪಂದ್ಯ ಗೆದ್ದೆ ಕೂಡ. ಯಾರೂ ನನ್ನ ಕಣ್ಣು ನೋಡಲಿಲ್ಲ. ಒಬ್ಬರು ಬೆನ್ನು ತಟ್ಟಿ ನಿಂಬೆ ಶರಬತ್ತು ಕೊಟ್ಟರು. “ಓಸ್” ಅಂದೆ. ಮೂರನೇ ಸುತ್ತು ಆಡಿದೆ. ಅದು ನನಗೆ ನೆನಪಿಲ್ಲ. ಹಾಸನಕ್ಕೆ ವಾಪಸ್ ಬಂದ ಬಸ್ಸೂ ನೆನಪಿಲ್ಲ. ಮನೆಯಲ್ಲಿ ಅಮ್ಮನಿಗೆ ಒಂದೇ ಮಾತನ್ನು ನಾಲ್ಕು ಸಲ ಕೇಳಿದೆನಂತೆ. ಎರಡು ವಾರ ಬೆಳಕು ಕಂಡರೆ ತಲೆ ಸಿಡಿಯುತ್ತಿತ್ತು, ಪುಸ್ತಕ ಓದಲು ಆಗುತ್ತಿರಲಿಲ್ಲ. ಆ ಕಾಲದಲ್ಲಿ ಅದನ್ನು ಎಲ್ಲರೂ ಗಟ್ಟಿತನ ಅಂದರು. ನಾನೂ ಹಾಗೇ ಅಂದುಕೊಂಡೆ. ಎಷ್ಟೋ ವರ್ಷ ಆದಮೇಲೆ ಓದಿ ತಿಳಿದಾಗ ಮೈ ಬೆವರಿತು.

ತೊಡೆಯ ನೋವನ್ನು ತಾಳಿಕೊಳ್ಳಬಹುದು. ಅದು ನೀಲಿಗಟ್ಟುತ್ತದೆ, ವಾರದಲ್ಲಿ ಇಳಿಯುತ್ತದೆ. ತಾಳಿಕೊಂಡವನ ಮನಸ್ಸು ನಿಜಕ್ಕೂ ಗಟ್ಟಿಯಾಗುತ್ತದೆ, ಅದನ್ನು ನಾನು ಅನುಭವದಿಂದ ನಂಬುತ್ತೇನೆ. ತಲೆಯ ಪೆಟ್ಟಿಗೆ ಈ ಲೆಕ್ಕ ಹೊಂದುವುದಿಲ್ಲ. ಪ್ರಜ್ಞೆ ತಪ್ಪದೆ ಇದ್ದರೂ ಮೆದುಳು ಒಳಗೆ ಕುಲುಕಿರಬಹುದು. ಅದು ವಾಸಿಯಾಗುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಅಪಾಯ ಹೆಚ್ಚು, ಬೆಳೆಯುವ ಮಕ್ಕಳಲ್ಲಂತೂ ಇನ್ನೂ ಹೆಚ್ಚು. ಎಲ್ಲ ಆಟಗಳ ವೈದ್ಯರೂ ಇವತ್ತು ಒಪ್ಪಿರುವ ಮಾತು ಒಂದಿದೆ: ಅನುಮಾನ ಬಂದರೆ ಆ ದಿನ ಮತ್ತೆ ಆಡಿಸಬಾರದು. ಹೆಡ್ ಗಾರ್ಡ್ ಇದೆಯಲ್ಲ ಅನ್ನುತ್ತಾರೆ. ಹೆಡ್ ಗಾರ್ಡ್ ಚರ್ಮ ಸೀಳುವುದನ್ನು ತಡೆಯುತ್ತದೆ, ಬಿದ್ದಾಗ ಬುರುಡೆಗೆ ಆಸರೆ ಕೊಡುತ್ತದೆ. ಒಳಗಿನ ಕುಲುಕಾಟವನ್ನು ಪೂರ್ತಿ ತಡೆಯಲು ಅದಕ್ಕೆ ಆಗಲ್ಲ.

2022ರ ಜುಲೈನಲ್ಲಿ ಬೆಂಗಳೂರಿನ ಒಂದು ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ 23 ವರ್ಷದ ಯುವಕನಿಗೆ ತಲೆಗೆ ಪೆಟ್ಟು ಬಿತ್ತು. ಎರಡು ದಿನಕ್ಕೆ ಆತ ತೀರಿಕೊಂಡ. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಅಂತ ಮನೆಯವರು ದೂರು ಕೊಟ್ಟರು, ಪೊಲೀಸ್ ಕೇಸ್ ಆಯಿತು. ಅದು ಕರಾಟೆ ಪಂದ್ಯ ಆಗಿರಲಿಲ್ಲ, ನಿಜ. ಆದರೆ ನಮ್ಮ ಮಾಸ್ಟರುಗಳೇ ಎರಡೂ ಕಲಿಸುತ್ತಾರೆ, ನಮ್ಮ ಮಕ್ಕಳೇ ಎರಡನ್ನೂ ಆಡುತ್ತಾರೆ. ಅದೂ ಬೆಂಗಳೂರು. ಹಾಸನದಲ್ಲಿ ಹಿಮ್ಸ್ ಆಸ್ಪತ್ರೆ ಊರೊಳಗೇ ಇದೆ, ಅಷ್ಟರಮಟ್ಟಿಗೆ ಧೈರ್ಯ. ಅದಕ್ಕೂ ಮಿಕ್ಕಿದ ಕೇಸನ್ನು ಬೆಂಗಳೂರಿಗೆ ಒಯ್ಯಬೇಕಾದರೆ ಸುಮಾರು 185 ಕಿಲೋಮೀಟರ್. ಮಂಗಳೂರಿಗಾದರೆ ಶಿರಾಡಿ ಘಾಟಿ ಇಳಿಯಬೇಕು, ಮಳೆಗಾಲದಲ್ಲಿ ಗುಡ್ಡ ಕುಸಿದು ಆ ರಸ್ತೆ ಎಷ್ಟು ಸಲ ಮುಚ್ಚಿದೆ ಅಂತ ಸಕಲೇಶಪುರದವರನ್ನು ಕೇಳಿ. ಊರಿನಲ್ಲಿ ಪಂದ್ಯ ಮಾಡುವವರು ಈ ದೂರವನ್ನು ಲೆಕ್ಕಕ್ಕೆ ತೆಗೆದುಕೊಂಡೇ ತಲೆಯ ಒದೆಗೆ ಅನುಮತಿ ಕೊಡಬೇಕು.

ಮಕ್ಕಳಿಗೆ ಅಂತಲೇ ಬೇರೆ ನಿಯಮ ಮಾಡಿಕೊಂಡಿರುವ ಸಂಘಟನೆಗಳು ಇವೆ. ಹೆಡ್ ಗಾರ್ಡ್, ಕಾಲಿಗೆ ಶಿನ್ ಗಾರ್ಡ್, ಎದೆಗೆ ಗಾರ್ಡ್, ಕಡಿಮೆ ಸಮಯ, ವಯಸ್ಸು ಮತ್ತು ತೂಕ ಎರಡನ್ನೂ ನೋಡಿ ಜೋಡಿ. ನಮ್ಮಲ್ಲಿ ಬಿಟ್ಟುಹೋಗುವುದು ಈ ಕೊನೆಯದು. ಆಧಾರ್ ಕಾರ್ಡ್ ನೋಡಿ ವಯಸ್ಸು ಬರೆದುಕೊಳ್ಳುತ್ತಾರೆ. ತೂಕವನ್ನು ಬಾಯಲ್ಲಿ ಕೇಳುತ್ತಾರೆ. ಹದಿಮೂರನೇ ವಯಸ್ಸಿನಲ್ಲಿ ಒಬ್ಬ ಮೂವತ್ತೆರಡು ಕೆ.ಜಿ. ಇರುತ್ತಾನೆ, ಇನ್ನೊಬ್ಬನಿಗೆ ಮೀಸೆ ಬಂದಿರುತ್ತದೆ, ಐವತ್ತೈದು ಇರುತ್ತಾನೆ. ಇದನ್ನು ಕೇಳಿದರೆ ಒಬ್ಬ ಸಂಘಟಕರು ನನಗೆ ಕೆಂಜಿ ಮಿಡೋರಿಯ ಉದಾಹರಣೆ ಕೊಟ್ಟರು. ಮಿಡೋರಿ ಗಿಡ್ಡ ಆಳು, ಸುಮಾರು 70 ಕೆ.ಜಿ. ತೂಕ. ತೂಕದ ವಿಭಾಗವೇ ಇಲ್ಲದ 1991ರ ವಿಶ್ವ ಪಂದ್ಯಾವಳಿಯನ್ನು ಗೆದ್ದವರು. ನಿಜ. ಆದರೆ ಅವರು ವರ್ಷಗಟ್ಟಲೆ ದಿನವೂ ಅದನ್ನೇ ಮಾಡಿದ ದೊಡ್ಡ ಮನುಷ್ಯ. ಎಂಟನೇ ಕ್ಲಾಸಿನ ಹುಡುಗನ ಪಕ್ಕೆಲುಬಿಗೆ ಆ ಉದಾಹರಣೆ ಹೇಗೆ ಹೊಂದುತ್ತದೆ?

ತೀರ್ಪಿನ ಬಗ್ಗೆಯೂ ಒಂದು ಮಾತು. ಸಣ್ಣ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಪರಿಚಯ. ಪಂದ್ಯ ಏರ್ಪಡಿಸಿದ ಮಾಸ್ಟರೇ ರೆಫರಿ, ಅವರ ಶಿಷ್ಯರೇ ಮೂಲೆಯಲ್ಲಿ ಬಾವುಟ ಹಿಡಿದವರು, ಮ್ಯಾಟ್ ಮೇಲೆ ಇರುವವನೂ ಅವರದೇ ಹುಡುಗ. ಪಕ್ಷಪಾತ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಪಾಯಿಂಟ್ ತಪ್ಪು ಕೊಟ್ಟರೆ ಮೆಡಲ್ ಹೋಗುತ್ತದೆ ಅಷ್ಟೇ. ಫುಲ್ ಕಾಂಟ್ಯಾಕ್ಟ್‌ನಲ್ಲಿ ರೆಫರಿಯ ದೊಡ್ಡ ಕೆಲಸ ಪಂದ್ಯವನ್ನು ಸರಿಯಾದ ಹೊತ್ತಿಗೆ ನಿಲ್ಲಿಸುವುದು. ತನ್ನ ಹುಡುಗ ಗೆಲ್ಲುತ್ತಿರುವಾಗ ನಿಲ್ಲಿಸಲು, ತನ್ನ ಹುಡುಗ ತತ್ತರಿಸುತ್ತಿರುವಾಗ ಸೋಲು ಘೋಷಿಸಲು ಯಾರಿಗೇ ಆದರೂ ಕಷ್ಟ. ಚಿಕ್ಕಮಗಳೂರಿನ ಪಂದ್ಯಕ್ಕೆ ಹಾಸನದವರು, ಹಾಸನದ ಪಂದ್ಯಕ್ಕೆ ಚಿಕ್ಕಮಗಳೂರಿನವರು ರೆಫರಿಯಾಗಿ ಹೋಗಬಹುದು. ಒಂದೂವರೆ ಗಂಟೆಯ ದಾರಿ. ಬಸ್ ಚಾರ್ಜು, ಊಟ, ಅಷ್ಟೇ ಖರ್ಚು.

ಉಳಿದವೂ ದೊಡ್ಡ ಖರ್ಚಿನ ಕೆಲಸಗಳಲ್ಲ. ಒಂದು ತೂಕದ ಯಂತ್ರ. ಕನ್ನಡದಲ್ಲಿ ಒಂದು ಪುಟದ ನಿಯಮ, ಪ್ರವೇಶ ಅರ್ಜಿಯ ಹಿಂದೆಯೇ ಅಚ್ಚು ಹಾಕಿಸಿದರಾಯಿತು. ಮ್ಯಾಟ್ ಪಕ್ಕ ಒಬ್ಬ ಡಾಕ್ಟರು, ಅವರು ನಿಲ್ಲಿಸಿ ಅಂದರೆ ಯಾರೂ ವಾದ ಮಾಡಬಾರದು. ಹೊರಗೆ ಒಂದು ಆಂಬುಲೆನ್ಸ್. 108ಕ್ಕೆ ಕರೆದು ಕಾಯುವುದು ಬೇರೆ, ಬಾಗಿಲಲ್ಲಿ ನಿಂತಿರುವುದು ಬೇರೆ. ಮನೆಗೆ ಕಳಿಸುವಾಗ ತಂದೆತಾಯಿಗೆ ಒಂದು ಮಾತು: ತಲೆಗೆ ಏಟು ಬಿದ್ದ ಮಗು ಮತ್ತೆ ಮತ್ತೆ ವಾಂತಿ ಮಾಡಿದರೆ, ತಲೆನೋವು ಏರುತ್ತಾ ಹೋದರೆ, ಎಬ್ಬಿಸಿದರೂ ತೂಕಡಿಸಿದರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ, ಬೆಳಗಾಗುವ ತನಕ ಕಾಯಬೇಡಿ. ಒಳಗೆ ರಕ್ತ ಸೋರುತ್ತಿದ್ದರೂ ಮೊದಲ ಕೆಲವು ಗಂಟೆ ಮಗು ಚೆನ್ನಾಗಿಯೇ ಇದೆ ಅನಿಸಬಹುದು.

ಆ ಭಾನುವಾರ ಆಲೂರಿನ ತಾಯಿ ಕೊನೆಗೆ ಎದ್ದು ಸಂಘಟಕರ ಟೇಬಲ್ ಹತ್ತಿರ ಹೋದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಟೇಬಲ್ ಹಿಂದಿದ್ದ ಯುವಕ ಪಕ್ಕದವರ ಕಡೆ ನೋಡಿದ. ಪಕ್ಕದವರು ಇನ್ನೊಬ್ಬರ ಕಡೆ ನೋಡಿದರು. ಅಷ್ಟರಲ್ಲಿ ಇನ್ನೂ ನಾಲ್ಕೈದು ಜನ ತಂದೆತಾಯಂದಿರು ಹಿಂದೆ ಬಂದು ನಿಂತಿದ್ದರು. ಮುಖ್ಯ ಸಂಘಟಕರು ಬಂದು, ಏನಮ್ಮ ವಿಷಯ ಅಂತ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಮೈಕ್ ತೆಗೆದುಕೊಂಡರು. ಕೈಯಿಂದ ಮುಖಕ್ಕೆ ಇಲ್ಲ, ಹದಿನಾರರ ಒಳಗಿನವರಿಗೆ ಇವತ್ತು ತಲೆಗೆ ಒದೆಯೂ ಇಲ್ಲ, ರೆಫರಿ ಹೇಳುವ ತನಕ ಆಟ ನಿಲ್ಲಲ್ಲ, ಪಾಯಿಂಟ್ ಕರಾಟೆ ಕಲಿತವರು ಬೇಕಿದ್ದರೆ, ಎದುರಾಳಿ ಇಲ್ಲದೆ ವರಸೆ ಮಾಡಿ ತೋರಿಸುವ ಕಟಾಗೆ ಹೆಸರು ಬದಲಾಯಿಸಿಕೊಳ್ಳಬಹುದು ಅಂತ ಕನ್ನಡದಲ್ಲಿ ನಿಧಾನವಾಗಿ ಹೇಳಿದರು. ಐದು ನಿಮಿಷವೂ ಆಗಲಿಲ್ಲ.

ಹನ್ನೊಂದು ಮಕ್ಕಳು ಹೆಸರು ಬದಲಾಯಿಸಿಕೊಂಡರು. ಆಲೂರಿನ ಹುಡುಗ ಬದಲಾಯಿಸಲಿಲ್ಲ. ಅವನು ಅಮ್ಮನ ಹತ್ತಿರ ಬಂದು, “ನಿಲ್ಲಬಾರದು ಅಷ್ಟೇ ತಾನೇ, ಗೊತ್ತಾಯ್ತು” ಅಂದ. ಮೊದಲ ಸುತ್ತಿನಲ್ಲಿ ಗುದ್ದಿದ ಮೇಲೆ ಒಂದೇ ಒಂದು ಸಲ ರೆಫರಿ ಕಡೆ ನೋಡಿದ. ಪಕ್ಕೆಗೆ ಒದೆ ಬಿತ್ತು. ಆಮೇಲೆ ನೋಡಲಿಲ್ಲ. ಮೂರು ಬಾವುಟ ಎದುರಿನವನಿಗೆ ಹೋದವು. ಇಬ್ಬರೂ ಕೈ ಹಿಡಿದುಕೊಂಡರು. ಮ್ಯಾಟ್ ಇಳಿದು ಬಂದವನ ಪಕ್ಕೆಯನ್ನು ಅಮ್ಮ ಮುಟ್ಟಿ ಮುಟ್ಟಿ ನೋಡಿದರು. ಅವನು ಚೀಲದಿಂದ ನೀರಿನ ಬಾಟಲಿ ತೆಗೆಯುತ್ತಾ, ಮುಂದಿನ ಪಂದ್ಯ ಯಾವಾಗ ಅಂತ ಬ್ರೌನ್ ಬೆಲ್ಟ್ ಹುಡುಗನನ್ನು ಕೇಳುತ್ತಿದ್ದ.